ಭುಜಕೀರ್ತಿ ಕೆನ್ನೆಗೆ ನುಗ್ಗಿದಾಗ

ನವೆಂಬರಿನಲ್ಲಿ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ, ಪೆರ್ಲದ ಕಡೆಯ ಒಬ್ಬ ಹುಡುಗ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಬದಿಯಡ್ಕದ ನಮ್ಮ ಮನೆಗೆ ಬಂದ. ಪ್ಲಸ್ ಟು ಮುಗಿಸಿದ್ದಾನೆ. ಗೇಮ್ ಅಂದ್ರೆ ಪ್ರಾಣ. ಗೇಮಿನ ಪಾತ್ರಗಳನ್ನು ಮಾಡುವುದೇ ನನ್ನ ಕೆಲಸ ಅಂತ ಅವನಿಗೆ ಯಾರೋ ಹೇಳಿದ್ದರಂತೆ.

“ಅಕ್ಕ, ಕಂಪ್ಯೂಟರಿನಲ್ಲಿ ಒಂದು ಬಣ್ಣದ ವೇಷ ಮಾಡಿದ್ದೇನೆ. ಸ್ವಲ್ಪ ನೋಡ್ತೀರಾ?”

ಎದುರಿನಿಂದ ಬಹಳ ಚೆನ್ನಾಗಿತ್ತು. ತೆಂಕುತಿಟ್ಟಿನ, ಅಂದ್ರೆ ತೆಂಕಣ ಶೈಲಿಯ ಯಕ್ಷಗಾನದ, ರಾಕ್ಷಸ ವೇಷ. ತಲೆಯ ಮೇಲೆ ದೊಡ್ಡ ಕೇಸರಿ ತಟ್ಟಿ ಕಿರೀಟ. ಮುಖದ ತುಂಬ ಮುಳ್ಳುಮುಳ್ಳಾದ ಬಿಳಿ ಚಿಟ್ಟಿ. ಎದೆಪದಕದ ಒಂದೊಂದು ಮಣಿಯೂ ಬೇರೆ ಬೇರೆ. ಎರಡು ತಿಂಗಳು ರಾತ್ರಿ ಕೂತು ಮಾಡಿದ್ದ. ನಾನು ಒಂದೇ ಮಾತು ಹೇಳಿದೆ, “ಕೈ ಎತ್ತಿಸು ನೋಡುವ.”

ಎತ್ತಿಸಿದ. ತೋಳಿನ ಜೊತೆಗೆ ಹೆಗಲ ಮೇಲಿನ ಆಭರಣ ಭುಜಕೀರ್ತಿಯೂ ಎದ್ದಿತು. ಎದ್ದದ್ದು ಸೀದಾ ಕೆನ್ನೆಯೊಳಗೆ ನುಗ್ಗಿ ಕಿವಿಯ ಹಿಂದೆ ಹೊರಬಂತು. ಹುಡುಗನ ಮುಖ ಸಣ್ಣಗಾಯಿತು.

ನನಗೆ ಅವನ ಮೇಲೆ ಪ್ರೀತಿ ಬಂದದ್ದು ಆಗಲೇ. ಗೇಮ್ ಆಡುತ್ತಾ ಬೆಳೆದ ಮಕ್ಕಳು ಈ ಕೆಲಸಕ್ಕೆ ಬಂದಾಗ ಮಾಡುವ ಮೊದಲ ತಪ್ಪು ಇದೇ. ನಾನೂ ಮಾಡಿದ್ದೇನೆ. ಆಡುವಾಗ ನಮ್ಮ ಕಣ್ಣು ಹೋಗುವುದು ಪಾತ್ರದ ಅಲಂಕಾರಕ್ಕೆ. ರಕ್ಷಾಕವಚದ ಗೀರು, ಚರ್ಮದ ಪಟ್ಟಿಯ ಹೊಲಿಗೆ, ಕಣ್ಣಿನ ಹೊಳಪು. ಹಾಗಾಗಿ ಮಾಡಲು ಕೂತಾಗಲೂ ಅಲ್ಲಿಂದಲೇ ಶುರು ಮಾಡುತ್ತೇವೆ. ಆದರೆ ಪಾತ್ರವೊಂದು ಹುಟ್ಟುವುದು ಬೇರೆ ಎರಡು ಕಡೆ. ಒಂದು, ದೂರದಿಂದ ಕಾಣುವ ಅದರ ಹೊರಗೆರೆ. ಇನ್ನೊಂದು, ಅದು ಅಲುಗಾಡುವ ರೀತಿ. ಅಲಂಕಾರ ಕೊನೆಗೆ ಬರುತ್ತದೆ.

ಹೊರಗೆರೆ ಅಂದ್ರೆ ಏನು? ಪಾತ್ರದ ಬಣ್ಣವನ್ನೆಲ್ಲ ತೆಗೆದು ಪೂರ್ತಿ ಕಪ್ಪು ಮಾಡಿ. ಆಮೇಲೂ ಇದು ಯಾರು ಅಂತ ಗೊತ್ತಾಗಬೇಕು. ಬಯಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತಿದ್ದರೂ ಕಿರೀಟದ ಆಕಾರ ನೋಡಿಯೇ ಬಂದದ್ದು ರಾಜವೇಷವೋ ಬಣ್ಣದ ವೇಷವೋ ಅಂತ ಅಜ್ಜಿ ಹೇಳುತ್ತಿದ್ದರು. ಕರೆಂಟು ಇಲ್ಲದ ಕಾಲದಲ್ಲಿ ದೀಪದ ಬೆಳಕಿಗೆ ಕಾಣಬೇಕಾಗಿದ್ದ ವೇಷ ಅದು.

ಗೇಮುಗಳಲ್ಲೂ ಹಾಗೆಯೇ ಆಗಿದೆ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಡಾಂಕಿ ಕಾಂಗ್ ಆಟಕ್ಕೆ ಒಬ್ಬ ಸಣ್ಣ ಮನುಷ್ಯನನ್ನು ಬಿಡಿಸಿದರು. ಅವನೇ ಮುಂದೆ ಮಾರಿಯೋ ಆದ. ಅವರ ಕೈಯಲ್ಲಿದ್ದದ್ದು ಬಹಳ ಕಡಿಮೆ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬಿಡಿಸಲು ಆಗುವುದಿಲ್ಲ, ಅದಕ್ಕೆ ದಪ್ಪ ಮೀಸೆ. ತಲೆಕೂದಲು ಬಿಡಿಸುವುದು ಕಷ್ಟ, ಅದಕ್ಕೆ ಟೊಪ್ಪಿ. ಕೈ ಬೀಸಿದ್ದು ಬೇರೆಯಾಗಿ ಕಾಣಲಿ ಅಂತ ಅಂಗಿಯ ಮೇಲೆ ಬೇರೆ ಬಣ್ಣದ ಡಂಗರಿ. ಇಕ್ಕಟ್ಟಿನಲ್ಲಿ ಹುಟ್ಟಿದ ಆ ಆಕಾರ ನಾಲ್ಕು ದಶಕ ದಾಟಿದರೂ ಹಾಗೆಯೇ ನಿಂತಿದೆ.

ಈಗ ಹುಡುಗನ ವೇಷಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಪ್ರತಿಯೊಂದು ಮೂರು ಆಯಾಮದ ವಸ್ತುವೂ ಕೊನೆಗೆ ಸಣ್ಣ ಸಣ್ಣ ತ್ರಿಕೋನಗಳ ಒಂದು ಬಲೆ. ಅವನ ವೇಷದಲ್ಲಿ 9 ಲಕ್ಷ ತ್ರಿಕೋನಗಳಿದ್ದವು. ಚಿಟ್ಟಿಯ ಒಂದೊಂದು ಮುಳ್ಳನ್ನೂ, ಒಂದೊಂದು ಮಣಿಯನ್ನೂ ಉರುಟಾಗಿ ಕಡೆದಿದ್ದ. ಚಿತ್ರಕ್ಕಾದರೆ ತೊಂದರೆ ಇಲ್ಲ. ಗೇಮಿಗೆ ಇದು ಭಾರ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರ ಬಿಡಿಸಲು ಯಂತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ನೆಲ, ಮರ, ನೆರಳು, ಬೇರೆ ಆಟಗಾರರು ಎಲ್ಲ ಬರಬೇಕು. ಮೊಬೈಲ್ ಆಟದ ಒಂದು ಪಾತ್ರಕ್ಕೆ ನಾನು ಸಾಮಾನ್ಯವಾಗಿ 10ರಿಂದ 20 ಸಾವಿರ ತ್ರಿಕೋನದೊಳಗೆ ಕೆಲಸ ಮುಗಿಸುತ್ತೇನೆ.

“ಹಾಗಾದ್ರೆ ಚಿಟ್ಟಿ ತೆಗೆಯಬೇಕಾ ಅಕ್ಕ?” ಅಂತ ಕೇಳಿದ. ತೆಗೆಯಬೇಕಾಗಿಲ್ಲ. ಚಿಟ್ಟಿ ಎಲ್ಲಿದೆ ಅಂತ ನೋಡಬೇಕು, ಅಷ್ಟೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲುಸಾಲಾಗಿ ಮುಳ್ಳಿನ ಹಾಗೆ ಎಬ್ಬಿಸುವ ಚಿಟ್ಟಿ ಕೆನ್ನೆಯ ಅಂಚಿನಲ್ಲಿ ಮುಖದ ಹೊರಗೆರೆಯನ್ನೇ ಬದಲಾಯಿಸುತ್ತದೆ. ಅಲ್ಲಿನ ಮುಳ್ಳುಗಳು ನಿಜವಾದ ತ್ರಿಕೋನಗಳಾಗಿಯೇ ಇರಬೇಕು. ಒಂದು ಮುಳ್ಳಿಗೆ ನಾಲ್ಕೋ ಆರೋ ಸಾಕು. ಮುಖದ ನಡುವೆ ಇರುವ ಚಿಟ್ಟಿ, ಎದೆಪದಕದ ಮಣಿ, ಇವು ಹೊರಗೆರೆಯನ್ನು ಮುಟ್ಟುವುದಿಲ್ಲ. ಇವನ್ನು ನಾರ್ಮಲ್ ಮ್ಯಾಪ್‌ಗೆ ಬಿಡಬಹುದು. ಅದೊಂದು ನೀಲಿ ನೇರಳೆ ಬಣ್ಣದ ಚಿತ್ರ. ಮೇಲ್ಮೈಯ ಪ್ರತಿ ಚುಕ್ಕಿಯೂ ಯಾವ ಕಡೆಗೆ ವಾಲಿದೆ ಅಂತ ಅದರ ಬಣ್ಣ ಬೆಳಕಿಗೆ ಹೇಳುತ್ತದೆ. ಮೇಲ್ಮೈ ಚಪ್ಪಟೆಯಾಗಿದ್ದರೂ ಬೆಳಕು ಅಲ್ಲಿ ಉಬ್ಬು ಇದೆ ಅಂತಲೇ ನಂಬಿ ಬೀಳುತ್ತದೆ. ಲಕ್ಷಗಟ್ಟಲೆ ತ್ರಿಕೋನದ ಮೂಲ ಕೆತ್ತನೆಯಿಂದ ಈ ಚಿತ್ರವನ್ನು ತೆಗೆದು ಹಗುರ ಮಾದರಿಯ ಮೇಲೆ ಕೂರಿಸುವುದಕ್ಕೆ ಬೇಕಿಂಗ್ ಅನ್ನುತ್ತಾರೆ. ಹಾಗಾಗಿ ಹುಡುಗನ ಎರಡು ತಿಂಗಳ ಕೆಲಸ ವ್ಯರ್ಥವಾಗಲಿಲ್ಲ. ಆ 9 ಲಕ್ಷದ ವೇಷವೇ ಈಗ ಅವನ ಮೂಲ ಕೆತ್ತನೆ.

ಚಿತ್ರವನ್ನು ಕೂರಿಸಬೇಕಾದರೆ ಮಾದರಿಯ ಮೈಯನ್ನು ಬಿಡಿಸಿ ಚಪ್ಪಟೆ ಮಾಡಬೇಕು. ಯುವಿ ಅನ್ನುವ ಈ ಹಂತದಲ್ಲಿ ತುಂಬಾ ಮಕ್ಕಳು ಬೇಸತ್ತು ಬಿಟ್ಟುಬಿಡುತ್ತಾರೆ. ನಮ್ಮ ಕಡೆಯವರಿಗೆ ನಾನು ಹಾಳೆಯ ಮುಟ್ಟಾಳೆ ತೋರಿಸುತ್ತೇನೆ. ಅಡಿಕೆ ಹಾಳೆ ಮೊದಲು ಚಪ್ಪಟೆ. ಮಡಚಿ ಹೊಲಿದಾಗ ತಲೆಗೆ ಕೂರುವ ಟೊಪ್ಪಿ. ಹೊಲಿಗೆ ಬಿಚ್ಚಿದರೆ ಮತ್ತೆ ಚಪ್ಪಟೆ. ಯುವಿ ಅಂದ್ರೆ ಆ ಹೊಲಿಗೆ ಎಲ್ಲಿರಬೇಕು ಅಂತ ನೀವೇ ಗುರುತು ಹಾಕುವುದು. ಕಣ್ಣಿಗೆ ಬೀಳದ ಕಡೆ ಹಾಕಿ. ಕಿವಿಯ ಹಿಂದೆ, ತೋಳಿನ ಒಳಬದಿ, ಕಾಲಿನ ಒಳಬದಿ. ಉದ್ದ, ಅಗಲ, ಎತ್ತರಕ್ಕೆ ಎಕ್ಸ್, ವೈ, ಜೆಡ್ ಆಗಲೇ ಖರ್ಚಾಗಿತ್ತು. ಅದಕ್ಕೇ ಈ ಚಪ್ಪಟೆ ಹಾಳೆಗೆ ಯು, ವಿ ಅಂತ ಹೆಸರು.

ಇನ್ನು ಭುಜಕೀರ್ತಿ. ಪಾತ್ರದೊಳಗೆ ಎಲುಬುಗಳನ್ನು ಕೂರಿಸುತ್ತೇವೆ, ಅದು ರಿಗ್. ಯಾವ ಎಲುಬು ಅಲುಗಿದರೆ ಮೈಯ ಯಾವ ಭಾಗ ಎಷ್ಟು ಅಲುಗಬೇಕು ಅಂತ ಹೇಳುವುದು ವೇಟ್ ಪೇಂಟಿಂಗ್. ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶ ಬ್ಲೆಂಡರ್‌ನಲ್ಲಿ ನೀಲಿ ಅಂದ್ರೆ 0, ಏನೂ ಅಲುಗುವುದಿಲ್ಲ. ಕೆಂಪು ಅಂದ್ರೆ 1, ಪೂರ್ತಿ ಅಲುಗುತ್ತದೆ. ಹುಡುಗ ಇದನ್ನು ತಂತ್ರಾಂಶವೇ ಮಾಡಲಿ ಅಂತ ಬಿಟ್ಟಿದ್ದ. ತಂತ್ರಾಂಶಕ್ಕೆ ಭುಜಕೀರ್ತಿ ಅಂದ್ರೆ ಏನು ಅಂತ ಗೊತ್ತಿಲ್ಲ ಅಲ್ವಾ? ಹತ್ತಿರ ಇದ್ದದ್ದು ತೋಳಿನ ಎಲುಬು. ಅದಕ್ಕೇ ಕೊಟ್ಟಿತು.

ಏನು ಮಾಡಬೇಕು ಅಂತ ನಾನು ಹೇಳಲಿಲ್ಲ. ಆ ವಾರ ಹತ್ತಿರದಲ್ಲೇ ಒಂದು ಬಯಲಾಟವಿತ್ತು. ನನ್ನ ಸೋದರಮಾವ ಚೆಂಡೆ ಬಾರಿಸುವವರು. ಅವರ ಜೊತೆ ಇಬ್ಬರೂ ವೇಷ ಕಟ್ಟುವ ಜಾಗಕ್ಕೆ, ಚೌಕಿಗೆ ಹೋದೆವು. ವೇಷಧಾರಿಯೊಬ್ಬರು ಕಟ್ಟಿಸಿಕೊಳ್ಳುತ್ತಿದ್ದರು. ಭುಜಕೀರ್ತಿಯನ್ನು ಹೆಗಲ ಮೇಲೆ ಕೂರಿಸಿ ಹಗ್ಗದಿಂದ ಮೈಗೆ ಬಿಗಿದರು. ತೋಳಿಗೆ ಕಟ್ಟಲಿಲ್ಲ. ತೋಳಿನದ್ದು ತೋಳ್ಕಟ್ಟು, ಅದು ಬೇರೆಯೇ. ಹುಡುಗ ವೇಷಧಾರಿಯನ್ನು ಕೇಳಿದ, “ಮಾವ, ಒಮ್ಮೆ ಕೈ ಎತ್ತುತ್ತೀರಾ?” ಅವರು ನಗುತ್ತಾ ಎತ್ತಿದರು. ಭುಜಕೀರ್ತಿ ಹೆಗಲಿನ ಜೊತೆ ಒಂದಿಷ್ಟು ಅಲುಗಿತು. ಅಷ್ಟೆ. ಕೆನ್ನೆಗೂ ಅದಕ್ಕೂ ನಡುವೆ ಮೂರು ಬೆರಳಿನ ಜಾಗ ಹಾಗೆಯೇ ಉಳಿಯಿತು. ಹುಡುಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಎದುರಿನಿಂದ, ಬದಿಯಿಂದ, ಹಿಂದಿನಿಂದ.

ನನ್ನ ಪ್ರಕಾರ ಇದು ಯಾವ ಕೋರ್ಸಿನಲ್ಲೂ ಸಿಗದ ಪಾಠ. ಪದವಿ ಮುಗಿಸಿ ನಾನು ದೊಡ್ಡ ಊರಿನ ಒಂದು ಸಂಸ್ಥೆಗೆ ಸೇರಿದ್ದೆ. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಶುಲ್ಕ ಕಟ್ಟಿದ್ದರು. ಮೂರು ತಿಂಗಳು ತಂತ್ರಾಂಶದ ಯಾವ ಗುಂಡಿ ಎಲ್ಲಿದೆ ಅಂತಲೇ ಕಲಿಸಿದರು. ಒಂದು ದಿನವೂ ಮನುಷ್ಯನ ಕೈ ಹೇಗೆ ಮಡಚುತ್ತದೆ ಅಂತ ನೋಡಲು ಹೇಳಲಿಲ್ಲ. ಆ ದುಡ್ಡಿನ ಸಂಕಟ ನನಗೆ ಇವತ್ತೂ ಇದೆ. ಅದಕ್ಕೇ ಹೇಳುವುದು, ಮೊದಲ ವರ್ಷ ಯಾರಿಗೂ ಲಕ್ಷ ರೂಪಾಯಿ ಕೊಡಬೇಡಿ.

ಬೇಕಾದ ಸಾಮಾನು ಕಡಿಮೆ. ಬ್ಲೆಂಡರ್ ಉಚಿತ. ಅದನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ, ಬಳಸುವವರೇ 1 ಲಕ್ಷ ಯೂರೋ ಒಟ್ಟುಮಾಡಿ ಎಲ್ಲರಿಗೂ ಮುಕ್ತವಾಗಿಸಿದರು. ಚಿತ್ರ ಬಿಡಿಸಲು ಕ್ರಿಟಾ, ಅದೂ ಉಚಿತ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಶುರು ಮಾಡಬಹುದು, 16 ಇದ್ದರೆ ನೆಮ್ಮದಿ. ಪರದೆ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಒಂದು ತೆಗೆದುಕೊಳ್ಳಿ. ಮೌಸ್ ಹಿಡಿದು ಕೆತ್ತಿದರೆ ಮಣಿಕಟ್ಟು ಹಾಳಾಗುತ್ತದೆ.

ಪುಸ್ತಕ, ಪೆನ್ಸಿಲ್ ಬಿಡಬೇಡಿ. ದಿನಕ್ಕೆ ಅರ್ಧ ಗಂಟೆ ಮನೆಯವರ ಕಿವಿ ಬಿಡಿಸಿ. ಹೌದು, ಕಿವಿಯೇ. ಹೊಸಬರ ಮಾದರಿಯಲ್ಲಿ ಎಲ್ಲಕ್ಕಿಂತ ಬೇಗ ಸಿಕ್ಕಿಬೀಳುವುದು ಕಿವಿ. ನನ್ನ ಅಜ್ಜಿಯ ಕಿವಿಯ ಹಾಲೆ ಓಲೆಯ ಭಾರಕ್ಕೆ ಜೋತು ತೂತು ಉದ್ದವಾಗಿತ್ತು. ಎಡಕ್ಕಿಂತ ಬಲದ್ದು ಜಾಸ್ತಿ. ಕಂಪ್ಯೂಟರಿನಲ್ಲಿ ಅರ್ಧ ಮುಖ ಮಾಡಿದರೆ ಇನ್ನರ್ಧ ಕನ್ನಡಿಯ ಹಾಗೆ ತಾನೇ ಬರುತ್ತದೆ. ಸೌಕರ್ಯ ನಿಜ. ಆದರೆ ಕೊನೆಗೆ ಆ ಕನ್ನಡಿಯನ್ನು ತೆಗೆದು ಒಂದು ಹುಬ್ಬು ತುಸು ಮೇಲೆ, ಒಂದು ಹಾಲೆ ತುಸು ಕೆಳಗೆ ಮಾಡಿ. ಬೊಂಬೆ ಆಗಲೇ ಮನುಷ್ಯ ಆಗುವುದು.

ಕೆಲಸ ಹುಡುಕುವವರಿಗೆ ಒಂದು ಮಾತು. ಇಪ್ಪತ್ತು ಅರ್ಧಂಬರ್ಧ ತಲೆಗಿಂತ ಪೂರ್ತಿ ಮುಗಿದ, ಕೈ ಎತ್ತಿದರೂ ಹರಿಯದ ಒಂದು ಪಾತ್ರ ಸಾಕು. ಅದರ ತ್ರಿಕೋನದ ಬಲೆಯನ್ನೂ ಜೊತೆಗೆ ತೋರಿಸಿ. ನೇಮಕ ಮಾಡುವವರು ಮೊದಲು ನೋಡುವುದು ಅದನ್ನೇ.

ನಮ್ಮ ನೆಲದ ಮಕ್ಕಳಿಗೆ ಇನ್ನೊಂದನ್ನು ಹೇಳಲೇಬೇಕು. ತೆಯ್ಯಂ, ಭೂತಕೋಲದ ಮುಖವರ್ಣಿಕೆ ನೋಡಿದರೆ ಗೇಮ್ ಪ್ರಿಯರ ಕೈ ತುರಿಸುತ್ತದೆ, ನನಗೆ ಗೊತ್ತು. ಆದರೆ ಅದು ವೇಷವಲ್ಲ, ಯಾರದೋ ಮನೆಯ ದೈವ. ಅದನ್ನು ತಂದು ಆಟದಲ್ಲಿ ಗುಂಡು ಹೊಡೆಸಿಕೊಳ್ಳುವ ರಾಕ್ಷಸನಾಗಿ ನಿಲ್ಲಿಸಬೇಡಿ. ರೇಖೆಗಳನ್ನು ಅಭ್ಯಾಸಕ್ಕೆ ಬಿಡಿಸಿ. ಕಟ್ಟುವವರ ಹತ್ತಿರ ಕೂತು ಕೇಳಿ. ಹೊರಗೆ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಿರಿ.

ಹದಿನೈದು ದಿನ ಕಳೆದು ಹುಡುಗ ಫೈಲ್ ಕಳಿಸಿದ. ಭುಜಕೀರ್ತಿಯನ್ನು ತೋಳಿನಿಂದ ಬಿಡಿಸಿ ಎದೆಯ ಎಲುಬಿಗೆ ಕೊಟ್ಟಿದ್ದ. ಹೆಗಲಿನ ಎಲುಬಿಗೆ ಸಣ್ಣದೊಂದು ಪಾಲು. ತ್ರಿಕೋನ 18 ಸಾವಿರಕ್ಕೆ ಇಳಿದಿತ್ತು. ಕೈ ಎತ್ತಿಸಿದೆ. ಕೆನ್ನೆಯ ಪಕ್ಕ ಆ ಮೂರು ಬೆರಳಿನ ಜಾಗ ಉಳಿದಿತ್ತು. ನಡೆಸಿ ನೋಡಿದಾಗ ಕಾಲಿನ ಗೆಜ್ಜೆ ಮೀನಖಂಡದೊಳಗೆ ಮುಳುಗುತ್ತಿತ್ತು. ಫೋನ್ ಮಾಡಿ ಹೇಳಿದೆ.

“ಗೊತ್ತಾಯ್ತು ಅಕ್ಕ,” ಅಂದ. “ಶನಿವಾರ ಆಟ ಉಂಟು. ಗೆಜ್ಜೆ ಕಟ್ಟುವುದು ನೋಡಿ ಬರ್ತೇನೆ.”