ಬಿಗಿ ಹಿಡಿಯಲು ಬರುತ್ತದೆ, ಸಡಿಲ ಬಿಡಲು?

ಜಿಗಿದಾಗ, ಓಡಿದಾಗ ಮೂತ್ರ ಸೋರುತ್ತದೆ ಎಂದು ಬರುವ ಆಟಗಾರ್ತಿಯರು ಹೆಚ್ಚಾಗಿ ಹೇಳುವ ಮಾತು ಒಂದೇ. "ಮೇಡಂ, ದಿನಾ ಕೆಗೆಲ್ ಮಾಡ್ತೀನಿ. ಆಡುವಾಗಲೂ ಪೂರ್ತಿ ಬಿಗಿ ಹಿಡ್ಕೊಂಡೇ ಇರ್ತೀನಿ. ಆದ್ರೂ ನಿಲ್ತಿಲ್ಲ." ಕೆಗೆಲ್ ಅಂದರೆ ಮೂತ್ರ ತಡೆಯುವ ಕೆಳಭಾಗದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ. ಆ ಬಿಗಿ ಹಿಡಿಯುವುದೇ ತೊಂದರೆ ಇರಬಹುದು ಅಂದರೆ ಯಾರೂ ನಂಬುವುದಿಲ್ಲ.

ಕೆಗೆಲ್ ಬೇಡ ಎನ್ನುತ್ತಿಲ್ಲ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಇದರ ಬಗ್ಗೆ ಬರೆದರು. ಈ ಬಗೆಯ ಸೋರಿಕೆಗೆ ಇವತ್ತಿಗೂ ಮೊದಲ ಚಿಕಿತ್ಸೆ ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯುಗಳ) ವ್ಯಾಯಾಮವೇ. ಗೊತ್ತಿರುವವರ ಕೈಕೆಳಗೆ ಕಡಿಮೆ ಅಂದರೂ 3 ತಿಂಗಳು ಮಾಡಬೇಕು. ಆದರೆ ಬಿಗಿಯುವುದು ಅರ್ಧ ಕೆಲಸ ಅಷ್ಟೇ.

ಈ ಸ್ನಾಯುಗಳು ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹರಡಿ, ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊರುತ್ತವೆ. ಓಡುವಾಗ ಪಾದ ನೆಲಕ್ಕೆ ಬಿದ್ದ ಪ್ರತಿ ಸಲ ಮೈತೂಕದ ಎರಡು ಮೂರು ಪಟ್ಟು ಬಲ ಮೇಲೇರುತ್ತದೆ. ಆಗ ಸ್ನಾಯು ಸ್ವಲ್ಪ ಇಳಿದು, ತಕ್ಷಣ ಮೇಲೆದ್ದು ತಡೆಯಬೇಕು. ಮೊದಲೇ ಮುಷ್ಟಿ ಬಿಗಿದ ಕೈ ಚೆಂಡು ಹಿಡಿಯುತ್ತದಾ? ಇದೂ ಹಾಗೇ. ಸದಾ ಬಿಗಿದ ಸ್ನಾಯುವಿಗೆ ಇನ್ನಷ್ಟು ಬಿಗಿಯಲು ಜಾಗವೇ ಇರುವುದಿಲ್ಲ. ಬೇಗ ದಣಿಯುತ್ತದೆ ಕೂಡ.

ವಾಲಿಬಾಲ್ ಆಡುವ ಒಬ್ಬ ಹುಡುಗಿ ಬಂದಿದ್ದಳು. ಮದುವೆ, ಹೆರಿಗೆ ಯಾವುದೂ ಆಗಿರಲಿಲ್ಲ. (ಹೆರಿಗೆ ಆದವರಿಗೆ ಮಾತ್ರ ಹೀಗಾಗುತ್ತದೆ ಅನ್ನುವುದು ಸುಳ್ಳು.) ಕುರ್ಚಿಯಲ್ಲಿ ಸುಮ್ನೆ ಕೂತಾಗಲೂ ದವಡೆ ಬಿಗಿ, ಹೊಟ್ಟೆ ಒಳಗೆ, ಕುಂಡೆ ಬಿಗಿ. "ಹೊಟ್ಟೆ ಬಿಡಮ್ಮ" ಅಂದೆ. ಬಿಡಲು ಬರಲೇ ಇಲ್ಲ. ಪಂದ್ಯದ ದಿನ ನೀರನ್ನೂ ಕುಡಿಯುತ್ತಿರಲಿಲ್ಲ, ಪಾಪ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನೇ ಕೆಣಕಬಹುದು. ಅವಳಿಗೆ ಮೊದಲ ಕೆಲವು ವಾರ ಬಿಗಿಯುವ ವ್ಯಾಯಾಮ ಕೊಡಲೇ ಇಲ್ಲ. ಬರೀ ಉಸಿರಾಟ. ಆಮೇಲೆ ಬಲ ತುಂಬುವುದು, ಕೊನೆಗೆ ಜಿಗಿತ. ಸೋರುವುದು ನಿಧಾನವಾಗಿ ಕಡಿಮೆಯಾಯಿತು.

ಮಾಡುವುದು ಹೀಗೆ. ಮಂಡಿ ಮಡಚಿ ಅಂಗಾತ ಮಲಗಿ. ಉಸಿರು ಎಳೆದಾಗ ಹೊಟ್ಟೆ, ಪಕ್ಕೆ ಹಿಗ್ಗಲಿ, ಕೆಳಭಾಗ ತಾನಾಗಿ ಸಡಿಲವಾಗಲಿ. ತಳ್ಳಬೇಡಿ. ಉಸಿರು ಬಿಡುತ್ತಾ ಗ್ಯಾಸ್ ತಡೆಯುವಂತೆ ಒಳಗೆ, ಮೇಲಕ್ಕೆ ಎತ್ತಿ. ಕುಂಡೆ, ತೊಡೆ ಸೇರಿಕೊಳ್ಳಬಾರದು. ಆಮೇಲೆ ಬಿಡಿ. ಪೂರ್ತಿ ಬಿಡಿ. ಎತ್ತಿ ಹಿಡಿದಷ್ಟು ಹೊತ್ತಾದರೂ ಬಿಟ್ಟು, ಕೆಳಗಿಳಿದದ್ದು ಗೊತ್ತಾದ ಮೇಲೇ ಮತ್ತೆ ಎತ್ತಿ. ಎಲ್ಲರೂ ಅವಸರ ಮಾಡುವುದು ಇಲ್ಲೇ.

ಸೋರುವವರೆಲ್ಲ ಬಿಗಿಯಾಗಿಯೇ ಇರುತ್ತಾರೆ ಅಂತಲ್ಲ. ಬಹಳ ಜನರಿಗೆ ಬಲವೇ ಸಾಲದು, ಕೆಲವರಿಗೆ ಎರಡೂ ಇರುತ್ತದೆ. ಮೂತ್ರ ಶುರುವಾಗಲು ತಡ, ಮಲಬದ್ಧತೆ, ಸಂಭೋಗದಲ್ಲಿ ನೋವು ಜೊತೆಗಿದ್ದರೆ ನನಗೆ ಬಿಗಿಯ ಅನುಮಾನ ಜಾಸ್ತಿ. ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ. 1991ರ ಒಂದು ಅಧ್ಯಯನದಲ್ಲಿ, ಕೆಗೆಲ್ ಅನ್ನು ಬಾಯಿಮಾತಲ್ಲಿ ಹೇಳಿಕೊಟ್ಟಾಗ ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ಕಾಲುಭಾಗದವರು ಸೋರುವುದನ್ನು ಹೆಚ್ಚಿಸಬಹುದಾದ ರೀತಿಯಲ್ಲೇ ಮಾಡುತ್ತಿದ್ದರು.

ಹೆರಿಗೆಯಾದವರು 3 ತಿಂಗಳಿಗೆ ಮುಂಚೆ ಓಟಕ್ಕೆ ಇಳಿಯದಿರುವುದು ಒಳ್ಳೆಯದು. ಮೂತ್ರದಲ್ಲಿ ರಕ್ತ, ಉರಿ, ಕೆಳಗೆ ಏನೋ ಜಾರಿದಂತೆ ಅನಿಸಿದರೆ ಮೊದಲು ವೈದ್ಯರನ್ನು ನೋಡಿ. ಪರೀಕ್ಷೆ ಮಾಡುವವರನ್ನು "ಎಷ್ಟು ಬಿಗಿಯುತ್ತೇನೆ" ಅಂತ ಕೇಳಿದ ಹಾಗೇ "ಎಷ್ಟು ಬಿಡುತ್ತೇನೆ" ಅಂತಲೂ ಕೇಳಿ.