ವಿಚಾರಣಾ ವರದಿಯ ಪ್ರತಿ ಕೊಡದೆ ದಂಡನೆ ವಿಧಿಸಬಹುದೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ವಸತಿ ನಿಲಯವೊಂದರಲ್ಲಿ ಮೇಲ್ವಿಚಾರಕನಾಗಿದ್ದೆ. ತೊಗರಿ ಬೇಳೆಯ ದಾಸ್ತಾನು ಕಡಿಮೆ ಬಂದಿದೆಯೆಂದು ಇಲಾಖಾ ವಿಚಾರಣೆ ನಡೆಸಿ, ವರದಿಯ ಪ್ರತಿಯನ್ನೂ ಕೊಡದೆ ಕಡ್ಡಾಯ ನಿವೃತ್ತಿಯ ಆದೇಶ ಹೊರಡಿಸಿದ್ದಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಆದರೆ ಈ ಒಂದು ಲೋಪದಿಂದಲೇ ಆದೇಶ ತಾನಾಗಿ ಬಿದ್ದುಹೋಗುತ್ತದೆಂದು ಯಾರಾದರೂ ಭರವಸೆ ಕೊಟ್ಟಿದ್ದರೆ ನಂಬಬೇಡಿ.

ರಾಜ್ಯ ಸರ್ಕಾರಿ ನೌಕರರ ಮೇಲಿನ ವಿಚಾರಣೆ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ನಡೆಯುತ್ತದೆ. ದೋಷಾರೋಪಣಾ ಪಟ್ಟಿ ನಿಮ್ಮ ಕೈಗೆ ಬರುತ್ತದೆ, ಸಾಕ್ಷಿಗಳ ಪಾಟೀ ಸವಾಲು ನಿಮ್ಮೆದುರಿಗೇ ಆಗುತ್ತದೆ. ವರದಿಯನ್ನು ಮಾತ್ರ ವಿಚಾರಣಾಧಿಕಾರಿ ನಿಮ್ಮ ಬೆನ್ನ ಹಿಂದೆ ಬರೆಯುತ್ತಾರೆ. ಸಾಕ್ಷಿಗಳ ಮುಖವನ್ನೇ ನೋಡಿರದ ಶಿಸ್ತು ಪ್ರಾಧಿಕಾರ, ಅಂದರೆ ದಂಡನೆ ವಿಧಿಸುವ ಅಧಿಕಾರಿ, ಆ ವರದಿಯನ್ನು ಓದಿಯೇ ನೀವು ತಪ್ಪಿತಸ್ಥರೋ ಅಲ್ಲವೋ ಎಂಬ ತೀರ್ಮಾನಕ್ಕೆ ಬರುವುದರಿಂದ, ಅದಕ್ಕೆ ಉತ್ತರಿಸುವ ಅವಕಾಶ ನಿಮಗಿರಲೇಬೇಕು. 1976ರ ಸಂವಿಧಾನದ 42ನೇ ತಿದ್ದುಪಡಿಯು ದಂಡನೆಯ ಪ್ರಮಾಣದ ಬಗ್ಗೆ ಎರಡನೆಯ ಸಲ ಕಾರಣ ಕೇಳುವ ಅಗತ್ಯವನ್ನು ತೆಗೆದುಹಾಕಿತು. ವರದಿಯನ್ನೂ ಕೊಡಬೇಕಿಲ್ಲವೆಂಬ ವಾದ ಹುಟ್ಟಿದ್ದು ಇದರಿಂದಲೇ. 1993ರಲ್ಲಿ ಕರುಣಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅದನ್ನು ಒಪ್ಪದೆ, ತೀರ್ಮಾನಕ್ಕೆ ಮೊದಲೇ ಪ್ರತಿ ಕೊಡಬೇಕೆಂದು ಹೇಳಿತು.

ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಪ್ರತಿ ಸಿಗದೆ ಹೋದದ್ದರಿಂದ ನಿಮಗೆ ಏನು ಬಾಧಕವಾಯಿತೆಂಬುದನ್ನು ತೋರಿಸಬೇಕು. ಅನೇಕ ಅರ್ಜಿಗಳು ಎಡವುವುದು ಇಲ್ಲಿಯೇ. ಉದಾಹರಣೆಗೆ, ದಾಸ್ತಾನು ವಹಿಯ ಒಂದು ಪುಟದಲ್ಲಿ ಬೇಳೆಯ ಚೀಲಗಳನ್ನು ಬೇರೊಂದು ನಿಲಯಕ್ಕೆ ಕಳುಹಿಸಿದ ನಮೂದು, ಪಕ್ಕದಲ್ಲಿ ಪಡೆದವರ ಸಹಿ ಇದ್ದು, ವರದಿ ಆ ಪುಟದ ಮಾತನ್ನೇ ಎತ್ತಿಲ್ಲವೆನ್ನಿ. ಮೊದಲೇ ಪ್ರತಿ ಸಿಕ್ಕಿದ್ದರೆ ಅದನ್ನು ಶಿಸ್ತು ಪ್ರಾಧಿಕಾರದ ಗಮನಕ್ಕೆ ತರುತ್ತಿದ್ದೆ ಎಂದು ಪುಟಸಂಖ್ಯೆ ಸಹಿತ ಬರೆಯಿರಿ. ‘ಸಹಜ ನ್ಯಾಯದ ಉಲ್ಲಂಘನೆ’ ಎಂಬ ಸಾಲನ್ನು ಹತ್ತು ಕಡೆ ಬರೆದರೂ ಆ ಒಂದು ಪುಟದ ತೂಕ ಅದಕ್ಕೆ ಬರುವುದಿಲ್ಲ.

ಮೊದಲು ಅವಧಿಯೊಳಗೆ ಇಲಾಖೆಯಲ್ಲೇ ಮೇಲ್ಮನವಿ ಸಲ್ಲಿಸಿ, ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲಿಯೇ ಇದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಆದೇಶ ರದ್ದಾದರೂ ವರದಿಯ ಪ್ರತಿ ಕೊಡುವ ಹಂತದಿಂದ ವಿಚಾರಣೆಯನ್ನು ಮುಂದುವರಿಸಲು ಇಲಾಖೆಗೆ ಅವಕಾಶವಿರುತ್ತದೆ, ಮತ್ತು ಹಿಂಬಾಕಿ ವೇತನದ ಪ್ರಶ್ನೆ ಅದರ ಅಂತಿಮ ಫಲಿತಾಂಶವನ್ನು ಅವಲಂಬಿಸಿರುತ್ತದೆ.