ಯಾರ ಜೊತೆ ಎಷ್ಟು ದೂರ? ಕರಾವಳಿಯ ಎಡಪಂಥೀಯರ ಹಳೆಯ ತಕರಾರು

ಹುಟ್ಟಿದ ದಿನ ಯಾವುದು ಎನ್ನುವಲ್ಲಿಂದಲೇ ತಕರಾರು ಶುರು. ಭಾರತದ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು 1925ರ ಡಿಸೆಂಬರ್ 26ರಂದು, ಕಾನ್ಪುರದಲ್ಲಿ ಎನ್ನುತ್ತದೆ ಸಿಪಿಐ. ಅಲ್ಲ, 1920ರ ಅಕ್ಟೋಬರ್ 17ರಂದು, ತಾಷ್ಕೆಂಟ್‌ನಲ್ಲಿ ಎನ್ನುತ್ತದೆ ಸಿಪಿಎಂ. ಹಾಗಾಗಿ ನೂರು ತುಂಬಿದ ವರ್ಷವೂ ಬೇರೆ ಬೇರೆ. ಮಂಗಳೂರಿನ ಕಾಲೇಜು ಮಕ್ಕಳಿಗೆ ಇದನ್ನು ಹೇಳಿದರೆ, ಬಾವುಟ ಎರಡೂ ಕಡೆ ಕೆಂಪೇ ಅಲ್ವಾ, ಮತ್ತೆ ಯಾಕೆ ಇಷ್ಟು ಮುನಿಸು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಿಜಾಬ್, ಭೂತಾರಾಧನೆ, ಕಾಂಗ್ರೆಸ್ಸಿಗೆ ಓಟು ಹಾಕಬೇಕೋ ಬೇಡವೋ, ಎಲ್ಲ ಸೇರಿ ಈಗ ಗೋಜಲಾಗಿದೆ. ಎಳೆ ಹಿಡಿದು ಹಿಂದೆ ಹೋದರೆ ಮಾತ್ರ ಸಿಗುವ ಗಂಟು ಒಂದೇ: ನಮ್ಮವರಲ್ಲದವರ ಜೊತೆ ಎಷ್ಟು ದೂರ ನಡೆಯಬಹುದು?

ದೇಶದ ಮಟ್ಟದ ಕತೆ ಹೆಚ್ಚಿನವರಿಗೆ ಗೊತ್ತು. 1964ರ ಏಪ್ರಿಲ್‌ನಲ್ಲಿ 32 ಮಂದಿ ಸಿಪಿಐಯ ರಾಷ್ಟ್ರೀಯ ಮಂಡಳಿಯಿಂದ ಎದ್ದು ಹೊರಬಂದರು, ಪಕ್ಷ ಒಡೆದು ಸಿಪಿಎಂ ಹುಟ್ಟಿತು. 1967ರಲ್ಲಿ ಪಶ್ಚಿಮ ಬಂಗಾಳದ ನಕ್ಸಲ್‌ಬಾರಿಯಲ್ಲಿ ರೈತರ ಸಶಸ್ತ್ರ ದಂಗೆ ನಡೆಯಿತು, 1969ರಲ್ಲಿ ಮೂರನೇ ಪಕ್ಷ ಸಿಪಿಐ(ಎಂಎಲ್) ಬಂತು. ಇಂದಿರಾ ಗಾಂಧಿಯ ಕಾಂಗ್ರೆಸ್ ಸರ್ಕಾರ ತಂದ ತುರ್ತು ಪರಿಸ್ಥಿತಿಗೆ ಸಿಪಿಐ ಬೆಂಬಲ ಕೊಟ್ಟಿತು, ಸಿಪಿಎಂ ವಿರೋಧಿಸಿತು. ಬೆಂಬಲ ಕೊಟ್ಟದ್ದು ತಪ್ಪಾಯಿತೆಂದು 1978ರಲ್ಲಿ ಭಟಿಂಡಾ ಮಹಾಧಿವೇಶನದಲ್ಲಿ ಸಿಪಿಐಯೇ ಒಪ್ಪಿಕೊಂಡಿತು.

ನಮ್ಮ ಜಿಲ್ಲೆಯಲ್ಲಿ ಈ ಜಗಳ ನಡೆದದ್ದು ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ, ಬೀಡಿ ಬ್ರಾಂಚಿನ ಜಗಲಿಯಲ್ಲಿ, ಗೇಣಿ ಗದ್ದೆಯ ಬದುವಿನಲ್ಲಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವ ಜಾಗ ತಮ್ಮದಾಗಬೇಕಾದರೆ ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿ ಕೊಡಬೇಕಿತ್ತು. ಇಲ್ಲಿಯವರ ಬಾಯಲ್ಲಿ ಅದು ಇವತ್ತಿಗೂ 'ಡಿಕ್ಲರೇಶನ್'. ಧಣಿಗಳ ಎದುರು ಕಾಗದ ಕೊಡಲು ಜನರಿಗೆ ಹೆದರಿಕೆ ಇತ್ತು. ಕೆಂಪು ಬಾವುಟದವರು ಮನೆ ಮನೆಗೆ ಹೋಗಿ ಧೈರ್ಯ ಹೇಳಿದರು. ಭೂಮಿ ಸಿಕ್ಕಿದ ಮೇಲೆ ವಾದ ಶುರುವಾಯಿತು. ದೇವರಾಜ ಅರಸರ ಕಾಂಗ್ರೆಸ್ ಜೊತೆ ಹೊಂದಿಕೊಂಡು ಹೋದದ್ದರಿಂದ ಸಿಕ್ಕಿತೋ, ಬೀದಿಯ ಹೋರಾಟದಿಂದ ಸಿಕ್ಕಿತೋ? ಸಿಪಿಐಯ ಬಿ.ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ಗೆದ್ದು ವಿಧಾನಸಭೆಗೆ ಹೋದ ಕಾಲ ಅದು. ಹಾಗೆ ಜಾಗ ಪಡೆದ ಎಷ್ಟೋ ಮನೆಗಳ ಮಕ್ಕಳು ಮುಂದೆ ಬೇರೆ ಬಣ್ಣದ ಬಾವುಟ ಹಿಡಿದರು. ಜಾತಿಯ ವಿಷಯವನ್ನು ನಾವು ಸರಿಯಾಗಿ ಮಾತಾಡಲೇ ಇಲ್ಲ ಎಂಬ ನೋವು ಹಳಬರಲ್ಲಿ ಈಗಲೂ ಇದೆ. ನನಗೂ ಅದು ನಿಜ ಅನಿಸುತ್ತದೆ.

ನಾನು ಹತ್ತಿರದಿಂದ ನೋಡಿದ್ದು 2007ರ ಜಗಳ. ಮಂಗಳೂರು ವಿಶೇಷ ಆರ್ಥಿಕ ವಲಯಕ್ಕೆ ಕಳವಾರು, ಬಜ್ಪೆ, ಪೆರ್ಮುದೆ ಕಡೆ ಜಾಗ ಹೋಗುತ್ತಿದ್ದ ಹೊತ್ತು. ಪೆರ್ಮುದೆ ಹತ್ತಿರ ನನ್ನ ಚಿಕ್ಕಮ್ಮನ ಮನೆ. ಅವರದ್ದು ಡಿಕ್ಲರೇಶನ್‌ನಲ್ಲಿ ಬಂದ ಜಾಗ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕಪಾಟಿನಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದರು. ಅಪ್ಪ ಧಣಿಯಿಂದ ಬಿಡಿಸಿಕೊಂಡ ಗದ್ದೆ ಈಗ ಕಂಪನಿಗೆ ಹೋಗುತ್ತದಂತೆ ಎನ್ನುವಾಗ ಅವರ ಬೆರಳು ಬೀಡಿ ಸುತ್ತುವುದನ್ನು ನಿಲ್ಲಿಸಿತ್ತು.

ಅದೇ ವರ್ಷ ಮಾರ್ಚ್ 14ರಂದು ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ, ಭೂಸ್ವಾಧೀನ ವಿರೋಧಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 14 ಮಂದಿ ಸತ್ತರು. ಅಲ್ಲಿ ಇದ್ದದ್ದು ಎಡರಂಗದ ಸರ್ಕಾರ. ಇಲ್ಲಿ ನನ್ನ ಇಬ್ಬರು ಹಿರಿಯ ಗೆಳೆಯರು, ಒಬ್ಬರು ಬ್ಯಾಂಕ್ ನೌಕರರ ಸಂಘದವರು, ಇನ್ನೊಬ್ಬರು ಬೀಡಿ ಯೂನಿಯನ್ನಿನವರು, ಹಂಪನಕಟ್ಟೆಯ ಹೋಟೆಲಿನಲ್ಲಿ ಎದುರುಬದುರು ಕೂತಿದ್ದರು. "ಕೈಗಾರಿಕೆಯೇ ಬಾರದಿದ್ದರೆ ಅಲ್ಲಿಯ ಹುಡುಗರಿಗೆ ಕೆಲಸ ಎಲ್ಲಿಂದ ಬರಬೇಕು ಮಾರಾಯ?" ಎಂದರು ಒಬ್ಬರು. "ಪೆರ್ಮುದೆಗೆ ಒಂದು ನ್ಯಾಯ, ನಂದಿಗ್ರಾಮಕ್ಕೆ ಒಂದು ನ್ಯಾಯವಾ?" ಎಂದರು ಇನ್ನೊಬ್ಬರು. ತಟ್ಟೆಯಲ್ಲಿದ್ದ ಗೋಳಿಬಜೆ ತಣ್ಣಗಾಯಿತು. ಬಿಲ್ಲನ್ನು ಇಬ್ಬರೂ ಬೇರೆ ಬೇರೆ ಕೊಟ್ಟರು. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅದು ಮೊದಲ ಸಲ. ಆಮೇಲೆ ತುಂಬಾ ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ.

ಗಂಟು ಇನ್ನೂ ಬಿಗಿಯಾಗಲು ಬೇರೊಂದು ಕಾರಣ ಇತ್ತು. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ ಭೂಸ್ವಾಧೀನದ ವಿರುದ್ಧ ರೈತರ ಪರ ನಿಂತರು. ಅಯೋಧ್ಯೆ ಚಳವಳಿಯಲ್ಲಿ ಮುಂದಿದ್ದವರ ಜೊತೆ ಒಂದೇ ವೇದಿಕೆ ಹತ್ತುವುದು ಹೇಗೆ ಎಂದು ನಮ್ಮಲ್ಲಿ ಕೆಲವರು ಕೇಳಿದರು. ಹತ್ತದೆ ಇದ್ದರೆ ರೈತರನ್ನು ಅವರ ಕೈಗೇ ಬಿಟ್ಟಂತಾಗುತ್ತದೆ ಎಂದರು ಇನ್ನು ಕೆಲವರು. ಎರಡರಲ್ಲೂ ಹುರುಳಿತ್ತು. ಚಿಕ್ಕಮ್ಮನಿಗೆ ಈ ಚರ್ಚೆ ಅರ್ಥವಾಗಲಿಲ್ಲ ಎಂದಲ್ಲ. "ಸ್ವಾಮಿಗಳೂ ಬರಲಿ, ನೀವೂ ಬನ್ನಿ. ಸರ್ವೆಯವರು ಬರುವ ದಿನ ಅಂಗಳದಲ್ಲಿ ಜನ ಬೇಕು" ಎಂದರು, ಅಷ್ಟೇ. ಕೊನೆಗೆ 2011ರಲ್ಲಿ ಎರಡನೇ ಹಂತದ ಎರಡು ಸಾವಿರಕ್ಕೂ ಜಾಸ್ತಿ ಎಕರೆಯನ್ನು ಸರ್ಕಾರ ಕೈಬಿಟ್ಟಿತು. ಚಿಕ್ಕಮ್ಮನ ಗದ್ದೆ ಉಳಿಯಿತು. ಮೊದಲ ಹಂತದಲ್ಲಿ ಹೋದವರದ್ದು ಹೋಯಿತು.

ಹತ್ತು ವರ್ಷ ಬಿಟ್ಟು ಉಡುಪಿಯಲ್ಲಿ ಅದೇ ಪ್ರಶ್ನೆ ಬೇರೆ ಬಟ್ಟೆ ತೊಟ್ಟು ಬಂತು. 2021ರ ಕೊನೆಗೆ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಕೆಲವು ವಿದ್ಯಾರ್ಥಿನಿಯರನ್ನು ಹಿಜಾಬ್ ಹಾಕಿದ್ದಕ್ಕೆ ತರಗತಿಯ ಹೊರಗೆ ನಿಲ್ಲಿಸಲಾಯಿತು. ಹೆಣ್ಣನ್ನು ಕಟ್ಟಿಹಾಕುವ ಬಟ್ಟೆಯ ಪರ ನಾವು ಘೋಷಣೆ ಕೂಗಬೇಕಾ ಎಂದರು ಒಂದು ಕಡೆಯವರು. ಬಟ್ಟೆಯ ಮಾತು ಆಮೇಲೆ, ಮೊದಲು ಆ ಹುಡುಗಿ ಬೆಂಚಿನಲ್ಲಿ ಕೂರಲಿ ಎಂದರು ಇನ್ನೊಂದು ಕಡೆಯವರು. 2022ರ ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು. ಮಹಿಳಾ ಸಂಘಟನೆಯಲ್ಲಿದ್ದ ನನ್ನ ಗೆಳತಿಯೊಬ್ಬಳು ಆ ದಿನಗಳಲ್ಲಿ ಎರಡೂ ಕಡೆಯವರಿಂದ ಬೈಸಿಕೊಂಡಳು. ಅವಳು ಮಾಡಿದ್ದು ಇಷ್ಟೇ: ಕಾಲೇಜು ಬಿಟ್ಟ ಒಬ್ಬ ಹುಡುಗಿಗೆ ಮನೆಗೆ ಹೋಗಿ ಅಕೌಂಟೆನ್ಸಿ ಹೇಳಿಕೊಟ್ಟಳು. ಅಷ್ಟೆಲ್ಲ ವಾದದ ನಡುವೆ ನನಗೆ ಜಾಸ್ತಿ ನೆನಪಿರುವುದು ಅದೇ.

ಅದೇ ಅಕ್ಟೋಬರಿನಲ್ಲಿ ಸುರತ್ಕಲ್ ಟೋಲ್‌ಗೇಟ್ ವಿರುದ್ಧ ಜನ ರಸ್ತೆಗಿಳಿದರು. ಕಾಂಗ್ರೆಸ್ಸಿನವರು, ಎಡಪಕ್ಷಗಳವರು, ದಲಿತ ಸಂಘಟನೆಯವರು, ಟ್ಯಾಕ್ಸಿ ಓಡಿಸುವವರು ಎಲ್ಲ ಸೇರಿದ್ದರು. ಹಗಲು ರಾತ್ರಿ ಧರಣಿಯ ಚಪ್ಪರದಲ್ಲಿ ನನ್ನ ಆ ಇಬ್ಬರು ಹಿರಿಯ ಗೆಳೆಯರೂ ಕಂಡರು. ಇಬ್ಬರಿಗೂ ತಲೆ ಪೂರ್ತಿ ಬೆಳ್ಳಗಾಗಿದೆ. ಒಬ್ಬರಿಗೆ ನೆಲದಲ್ಲಿ ಕೂತರೆ ಮಂಡಿ ನೋವು. ಇನ್ನೊಬ್ಬರು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, "ಕೂತ್ಕೊಳ್ಳಿ" ಎಂದರು. ಮೊದಲಿನ ಹಾಗೆ ಮಾರಾಯ ಎನ್ನಲಿಲ್ಲ. ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಆ ಸಂಜೆ ಬಸ್ಸಿನಲ್ಲಿ ಮಂಗಳೂರಿಗೆ ಬರುವಾಗ ಹಿಂದಿನ ಸೀಟಿನಿಂದ ಇಬ್ಬರ ದನಿಯೂ ಕೇಳುತ್ತಿತ್ತು. ಬರುವ ಚುನಾವಣೆಯಲ್ಲಿ ನಾವೇ ಅಭ್ಯರ್ಥಿ ಹಾಕಬೇಕೋ, ಕಾಂಗ್ರೆಸ್ಸಿಗೆ ಬಿಟ್ಟುಕೊಡಬೇಕೋ ಎಂಬ ಮಾತು. ಕೂಳೂರು ಸೇತುವೆ ಹತ್ತಿರ ಬರುವಾಗ ದನಿ ಏರಿತು. "ಅಲ್ಲ ಮಾರಾಯ," ಎಂದರು ಒಬ್ಬರು.